ಏನೂ ಕಳೆದಿಲ್ಲವಲ್ಲ, ಮತ್ತೇಕೆ ಕಳೆಯಬೇಕು?

2025ರ ಡಿಸೆಂಬರಿನ ಒಂದು ಬೆಳಿಗ್ಗೆ ತಾಳಗುಂದದ ಪ್ರಣವೇಶ್ವರ ದೇವಾಲಯದ ಅಂಗಳದಲ್ಲಿದ್ದೆ. ಶೈಕ್ಷಣಿಕ ಪ್ರವಾಸಕ್ಕೆಂದು ಒಂದು ಪ್ರಾಥಮಿಕ ಶಾಲೆಯ ಮಕ್ಕಳು ಅಲ್ಲಿಗೆ ಬಂದಿದ್ದರು. ದೇವಾಲಯದ ಎದುರಿನ ಶಿಲಾಸ್ತಂಭವನ್ನು ತೋರಿಸುತ್ತ ಅವರ ಶಿಕ್ಷಕರು ಕದಂಬರ ಕಥೆ ಹೇಳುತ್ತಿದ್ದರು. ಮಯೂರಶರ್ಮ ವಿದ್ಯೆಗಾಗಿ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಕಲಹವಾದದ್ದು, ದರ್ಭೆ ಹಿಡಿದ ಕೈ ಖಡ್ಗ ಹಿಡಿದದ್ದು, ಅವನ ವಂಶದ ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜ ಇದನ್ನೆಲ್ಲ ಕಲ್ಲಿನ ಮೇಲೆ ಬರೆದದ್ದು. ಶಾಸನ ಸುಮಾರು ಕ್ರಿ.ಶ. 450ರ ಹೊತ್ತಿನದು ಎಂದು ಹೇಳಿ ಅವರು ಮಾತು ಮುಗಿಸಿದರು. ನಾನು ನಿವೃತ್ತ ಮೇಷ್ಟರು, ಬಾಯಿ ಸುಮ್ಮನಿರಲಿಲ್ಲ. ಅವರ ಅನುಮತಿ ಪಡೆದು ಮಕ್ಕಳನ್ನು ಕೇಳಿದೆ: ‘ಶಾಸನ 450ರದ್ದು, ಈಗ 2025. ಹಾಗಾದರೆ ಈ ಬರಹ ಎಷ್ಟು ವರ್ಷ ಹಳೆಯದು?’

ಐದನೇ ತರಗತಿಯ ಒಬ್ಬ ಹುಡುಗಿ ಅಂಗೈ ಮೇಲೆ ಬೆರಳಿನಿಂದ ಬರೆದು, ‘ಎರಡು ಸಾವಿರದ ನಾನೂರ ಎಪ್ಪತ್ತೈದು’ ಎಂದಳು. ಕೂಡಿಸಿದ್ದಳು. ಕೂಡಿಸಿದ್ದರಲ್ಲಿ ಒಂದಂಕಿಯೂ ತಪ್ಪಿರಲಿಲ್ಲ. ಏಕೆ ಕೂಡಿಸಿದೆ ಎಂದು ಕೇಳಿದೆ. ‘ಹಳೇದು ಅಂದ್ರೆ ಜಾಸ್ತಿ ವರ್ಷ ಅಲ್ವಾ ಸಾರ್?’ ಎಂದಳು. ಕಳೆಯಬೇಕಿತ್ತಲ್ಲವೇ ಎಂದರೆ ಅವಳು ನನ್ನನ್ನೂ ಕಂಬವನ್ನೂ ನೋಡಿ, ‘ಇಲ್ಲಿ ಏನೂ ಕಳೆದಿಲ್ವಲ್ಲ ಸಾರ್, ಕಂಬ ಇನ್ನೂ ಇಲ್ಲೇ ನಿಂತೈತಲ್ಲ’ ಎಂದಳು. ಉಳಿದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ನನಗೆ, ನಾನು ಏನನ್ನು ಹೇಳಿಕೊಡಲಿಲ್ಲ ಎಂಬುದನ್ನು ಆ ಮಗು ಒಂದೇ ಮಾತಿನಲ್ಲಿ ಹೇಳಿದಂತಾಯಿತು.

ಅವಳಿಗೆ ಮತ್ತೊಂದು ಪ್ರಶ್ನೆ ಹಾಕಿದೆ. ‘ನಿನ್ನ ಅಜ್ಜಿಗೆ ಎಷ್ಟು ವರ್ಷ?’ ‘ಅರವತ್ತೆಂಟು.’ ‘ನಿನಗೆ?’ ‘ಹತ್ತು.’ ‘ನೀನು ಹುಟ್ಟಿದಾಗ ಅಜ್ಜಿಗೆ ಎಷ್ಟಾಗಿತ್ತು?’ ಬೆರಳು ಅಂಗೈಗೆ ಹೋಗುವ ಮೊದಲೇ ಉತ್ತರ ಬಂತು: ‘ಐವತ್ತೆಂಟು.’ ಇಲ್ಲಿಯೂ ಏನೂ ಕಳೆದುಹೋಗಿಲ್ಲ. ಅಜ್ಜಿಯೂ ಇದ್ದಾಳೆ, ಮೊಮ್ಮಗಳೂ ಇದ್ದಾಳೆ. ಆದರೂ ಮಗು ಸರಿಯಾದ ಲೆಕ್ಕವನ್ನೇ ಮಾಡಿತು. ಏಕೆಂದರೆ ಈ ಕಥೆ ಅವಳಿಗೆ ಗೊತ್ತಿತ್ತು. ಕಂಬದ ಕಥೆಯಲ್ಲಿ ಅವಳಿಗೆ ಕಂಡದ್ದು ಎರಡು ಸಂಖ್ಯೆಗಳು ಮತ್ತು ‘ಹಳೆಯದು’ ಎಂಬ ಒಂದು ಪದ ಮಾತ್ರ.

ನಮ್ಮ ಪ್ರಾಥಮಿಕ ಶಾಲೆಗಳ ಗಣಿತದ ಬಗ್ಗೆ ನಾವು ಆತಂಕಪಡುವುದು ಸಾಮಾನ್ಯವಾಗಿ ‘ಅಸರ್’ ಸಮೀಕ್ಷೆಯ ವರದಿ ಬಂದಾಗ. ಎಷ್ಟು ಮಕ್ಕಳಿಗೆ ದಶಕ ತೆಗೆದುಕೊಂಡು ಮಾಡುವ ಎರಡಂಕಿಯ ವ್ಯವಕಲನ ಬರುತ್ತದೆ, ಎಷ್ಟು ಮಕ್ಕಳಿಗೆ ಬರುವುದಿಲ್ಲ ಎಂದು ಆ ವರದಿ ಹೇಳುತ್ತದೆ. ಅದು ಅಗತ್ಯವಾದ ಪ್ರಶ್ನೆಯೇ. ಆದರೆ ಅದರ ಪಕ್ಕದಲ್ಲೇ ಇರುವ ಇನ್ನೊಂದು ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಕಳೆಯಲು ಬರುವ ಮಗುವಿಗೆ ಯಾವಾಗ ಕಳೆಯಬೇಕೆಂದು ಗೊತ್ತಿದೆಯೇ? ಬದುಕಿನಲ್ಲಿ ಯಾರೂ ನಮ್ಮ ಮುಂದೆ ಒಂದರ ಕೆಳಗೊಂದು ಸಂಖ್ಯೆ ಬರೆದು, ಎಡಕ್ಕೆ ಕಳೆಯುವ ಚಿಹ್ನೆ ಹಾಕಿ ಕೊಡುವುದಿಲ್ಲ. ಬದುಕು ಲೆಕ್ಕವನ್ನು ಮಾತಿನಲ್ಲಿಯೇ ಕೊಡುತ್ತದೆ. ಆ ಮಾತಿನೊಳಗಿಂದ ಲೆಕ್ಕವನ್ನು ಹೊರತೆಗೆಯುವ ಕೆಲಸವನ್ನು ಶಾಲೆಯಲ್ಲಿ ಕಲಿಸುವ ಏಕೈಕ ಜಾಗವೆಂದರೆ, ನಾವು ವಾಕ್ಯರೂಪದ ಸಮಸ್ಯೆ ಎಂದು ಕರೆಯುವ, ಅಧ್ಯಾಯದ ಕೊನೆಯ ಆ ನಾಲ್ಕಾರು ಲೆಕ್ಕಗಳು.

ಅದನ್ನು ನಾನು ಹೇಗೆ ಕಲಿಸಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾನು ಕೆಲಸ ಮಾಡಿದ ಪ್ರತಿ ಶಾಲೆಯ ಗೋಡೆಯ ಮೇಲೂ ನನ್ನದೇ ಕೈಬರಹದ ಒಂದು ಪಟ್ಟಿ ಇರುತ್ತಿತ್ತು. ಒಂದು ಬದಿಗೆ ‘ಒಟ್ಟು, ಎಲ್ಲಾ ಸೇರಿ, ಹೆಚ್ಚು, ಬಂದವು: ಕೂಡು’. ಇನ್ನೊಂದು ಬದಿಗೆ ‘ಉಳಿದ, ಕಡಿಮೆ, ಹೋದವು, ಕೊಟ್ಟ: ಕಳೆ’. ಲೆಕ್ಕ ಓದಿ, ಪದ ಹುಡುಕಿ, ಚಿಹ್ನೆ ಹಾಕಿ. ಮಕ್ಕಳು ಬೇಗ ಕಲಿಯುತ್ತಿದ್ದರು. ತಪಾಸಣೆಗೆ ಬಂದ ಅಧಿಕಾರಿಗಳು ಮೆಚ್ಚುತ್ತಿದ್ದರು. ಪರೀಕ್ಷೆಯಲ್ಲಿ ಅಂಕಗಳೂ ಬರುತ್ತಿದ್ದವು. ಆ ಕಾಲದ ಪುಸ್ತಕದ ಲೆಕ್ಕಗಳೂ ಬಹುಪಾಲು ಅದೇ ಅಚ್ಚಿನವಾಗಿದ್ದುದರಿಂದ ನನ್ನ ಪಟ್ಟಿಯ ಬಂಡವಾಳ ಬಯಲಾಗಲೇ ಇಲ್ಲ.

ಬಯಲಾಗಬೇಕಿದ್ದರೆ ಇಂಥದೊಂದು ಲೆಕ್ಕ ಸಾಕಾಗಿತ್ತು: ‘ಅಜ್ಜನ ಬುಟ್ಟಿಯಲ್ಲಿ ಕೆಲವು ಅನಾನಸ್ ಹಣ್ಣುಗಳಿದ್ದವು. ಸಂತೆಯಲ್ಲಿ 8 ಹಣ್ಣು ಮಾರಿದ. ಬುಟ್ಟಿಯಲ್ಲಿ 5 ಉಳಿದವು. ಮೊದಲು ಎಷ್ಟಿದ್ದವು?’ ಇಲ್ಲಿ ‘ಮಾರಿದ’ ಇದೆ, ‘ಉಳಿದವು’ ಇದೆ. ನನ್ನ ಪಟ್ಟಿಯ ಪ್ರಕಾರ ಎಂಟರಲ್ಲಿ ಐದು ಕಳೆದು ಮೂರು ಎನ್ನಬೇಕು. ಮೂರು ಹಣ್ಣುಗಳಿದ್ದ ಬುಟ್ಟಿಯಿಂದ ಅಜ್ಜ ಎಂಟನ್ನು ಹೇಗೆ ಮಾರಿದ ಎಂದು ಪಟ್ಟಿ ಕೇಳುವುದಿಲ್ಲ. ಕಥೆಯನ್ನು ಕಣ್ಣಮುಂದೆ ತಂದುಕೊಂಡ ಮಗು ಮಾತ್ರ ಕೇಳುತ್ತದೆ, ಮಾರಿದ್ದನ್ನು ಮತ್ತೆ ಬುಟ್ಟಿಗೆ ಹಾಕಿ ಹದಿಮೂರು ಎನ್ನುತ್ತದೆ. ಹಾಗೆಯೇ, ‘ಅಕ್ಕನ ಬಳಿ 13 ಮಾವಿನಹಣ್ಣುಗಳಿವೆ. ಅವು ತಮ್ಮನ ಬಳಿ ಇರುವುದಕ್ಕಿಂತ 5 ಹೆಚ್ಚು. ತಮ್ಮನ ಬಳಿ ಎಷ್ಟಿವೆ?’ ಇಲ್ಲಿ ‘ಹೆಚ್ಚು’ ಇದೆ, ಆದರೆ ಕಳೆಯಬೇಕು.

ಕನ್ನಡಕ್ಕೆ ಇದರಲ್ಲಿ ತನ್ನದೇ ಆದ ಸೂಕ್ಷ್ಮವಿದೆ. ‘ರವಿಯ ಬಳಿ 9 ಗೋಲಿಗಳಿದ್ದವು. ರವಿ ಗೀತಾಳಿಗೆ 4 ಕೊಟ್ಟ.’ ರವಿಯ ಬಳಿ ಐದು. ‘ರವಿಯ ಬಳಿ 9 ಗೋಲಿಗಳಿದ್ದವು. ರವಿಗೆ ಗೀತಾ 4 ಕೊಟ್ಟಳು.’ ರವಿಯ ಬಳಿ ಹದಿಮೂರು. ಎರಡರಲ್ಲೂ ಅದೇ ಸಂಖ್ಯೆಗಳು, ಅದೇ ಹೆಸರುಗಳು, ಅದೇ ಕೊಡುವ ಕ್ರಿಯೆ. ಕೂಡುವುದೋ ಕಳೆಯುವುದೋ ಎಂಬುದನ್ನು ನಿರ್ಧರಿಸುತ್ತಿರುವುದು ‘ಗೆ’ ಎಂಬ ಒಂದು ಅಕ್ಷರ ಯಾರ ಹೆಸರಿಗೆ ಅಂಟಿಕೊಂಡಿದೆ ಎಂಬುದು. ಕನ್ನಡದ ಅವಧಿಯಲ್ಲಿ ನಾವು ವಿಭಕ್ತಿ ಪ್ರತ್ಯಯಗಳನ್ನು ರಾಗವಾಗಿ ಬಾಯಿಪಾಠ ಮಾಡಿಸುತ್ತೇವೆ. ಗಣಿತದ ಅವಧಿಯಲ್ಲಿ ಅದೇ ಮಗು ಅದೇ ಪ್ರತ್ಯಯದ ಮೇಲೆ ಎಡವಿ ಬಿದ್ದಾಗ ‘ಲೆಕ್ಕದಲ್ಲಿ ದಡ್ಡ’ ಎನ್ನುತ್ತೇವೆ. ಎರಡೂ ಪಾಠ ಒಂದೇ ಎಂದು ನನಗೆ ಹೊಳೆದದ್ದು ನಿವೃತ್ತಿಗೆ ಹತ್ತಿರವಾದ ಮೇಲೆ.

ಶಿಕಾರಿಪುರ ತಾಲ್ಲೂಕಿನಲ್ಲಿ ಅನೇಕ ತಾಂಡಾಗಳಿವೆ. ಅಲ್ಲಿಂದ ಶಾಲೆಗೆ ಬರುವ ಮಗುವಿನ ಮನೆಮಾತು ಲಂಬಾಣಿ. ಶಿರಾಳಕೊಪ್ಪದ ಕಡೆ ಮನೆಯಲ್ಲಿ ಉರ್ದು ಆಡುವ ಮಕ್ಕಳು ಬಹಳ. ಇವರಿಗೆ ಪುಸ್ತಕದ ಕನ್ನಡದ ‘ಗಿಂತ’, ‘ಗೆ’, ‘ಇಂದ’ಗಳು ಎರಡನೆಯ ಭಾಷೆಯ ಸೂಕ್ಷ್ಮಗಳು. ಒಂಬತ್ತರಲ್ಲಿ ನಾಲ್ಕು ಹೋದರೆ ಐದು ಎಂದು ಅವರಿಗೆ ಚೆನ್ನಾಗಿಯೇ ಗೊತ್ತು. ಹೋದದ್ದು ಯಾರಿಂದ ಯಾರಿಗೆ ಎಂಬುದು ಗೊತ್ತಾಗಿರುವುದಿಲ್ಲ. 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲಾಯಿತು. ಅದರ ಸರಿತಪ್ಪುಗಳ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಆದರೆ ಲೆಕ್ಕದ ಕಥೆಯೇ ಅರ್ಥವಾಗದ ಮಗುವಿನ ಮುಂದೆ ಉಳಿಯುವುದು ಎರಡು ಸಂಖ್ಯೆಗಳು ಮಾತ್ರ ಎಂಬುದನ್ನು ಮಾಧ್ಯಮ ಯಾವುದಾದರೂ ಮರೆಯಬಾರದು.

ಎರಡು ಸಂಖ್ಯೆ ಕಂಡೊಡನೆ ಏನಾದರೂ ಮಾಡಿಬಿಡುವ ಚಟ ನಮ್ಮ ಮಕ್ಕಳದ್ದಷ್ಟೇ ಅಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1979-80ರ ಸುಮಾರಿಗೆ ಸಂಶೋಧಕರು ಪ್ರಾಥಮಿಕ ಶಾಲೆಯ 97 ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು: ‘ಹಡಗಿನಲ್ಲಿ 26 ಕುರಿಗಳೂ 10 ಮೇಕೆಗಳೂ ಇವೆ. ಹಡಗಿನ ಕಪ್ತಾನನ ವಯಸ್ಸೆಷ್ಟು?’ ಅವರಲ್ಲಿ 76 ಮಕ್ಕಳು ಕೊಟ್ಟ ಸಂಖ್ಯೆಗಳನ್ನೇ ಬಳಸಿ ಉತ್ತರ ಬರೆದಿದ್ದರು. ಆ ಮಕ್ಕಳು ಮನೆಯಲ್ಲಿ ಯಾರಾದರೂ ಇಂಥ ಪ್ರಶ್ನೆ ಕೇಳಿದ್ದರೆ ನಗುತ್ತಿದ್ದರು. ಶಾಲೆಯಲ್ಲಿ ನಗಲಿಲ್ಲ, ಏಕೆಂದರೆ ಶಾಲೆಯ ಲೆಕ್ಕಕ್ಕೆ ಅರ್ಥ ಬೇಕಿಲ್ಲ, ಉತ್ತರ ಬೇಕು ಎಂಬುದನ್ನು ಅವರು ಅಷ್ಟರಲ್ಲಿ ಕಲಿತಿದ್ದರು. ಅದನ್ನು ಕಲಿಸಿದವರು ನನ್ನಂಥವರೇ.

ಮಕ್ಕಳಿಗೆ ಕಷ್ಟವಾಗುವುದು ಎಲ್ಲಿ ಎಂಬುದನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಥಾಮಸ್ ಕಾರ್ಪೆಂಟರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಹತ್ತಿರದಿಂದ ನೋಡಿದರು. ಕೂಡುವ, ಕಳೆಯುವ ಕಥೆಗಳು ಮೂಲತಃ ನಾಲ್ಕು ಬಗೆಯವು ಎಂದು ಅವರು ವಿಂಗಡಿಸಿದರು. ಇದ್ದುದಕ್ಕೆ ಇನ್ನಷ್ಟು ಸೇರುವುದು ಒಂದು. ಇದ್ದುದರಿಂದ ಕೆಲವು ಹೋಗುವುದು ಎರಡು. ಏನೂ ಬಾರದೆ, ಏನೂ ಹೋಗದೆ ಒಂದು ಗುಂಪಿನಲ್ಲಿ ಎರಡು ಭಾಗಗಳಿರುವುದು ಮೂರು. ಒಂದನ್ನು ಇನ್ನೊಂದರೊಡನೆ ಹೋಲಿಸುವುದು ನಾಲ್ಕು. ಇವುಗಳಲ್ಲಿ ತಿಳಿಯದ ಸಂಖ್ಯೆ ಕೊನೆಯಲ್ಲಿರಬಹುದು, ನಡುವೆ ಇರಬಹುದು, ಅಜ್ಜನ ಅನಾನಸಿನ ಲೆಕ್ಕದಂತೆ ಮೊದಲಲ್ಲೇ ಇರಬಹುದು. ಕೊನೆಯಲ್ಲಿದ್ದರೆ ಸುಲಭ, ಮೊದಲಲ್ಲಿದ್ದರೆ ಕಷ್ಟ, ಹೋಲಿಕೆಯದು ಹಲವು ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ. ನಾನು ಮೂವತ್ತನಾಲ್ಕು ವರ್ಷ ಹೆಚ್ಚಾಗಿ ಮಾಡಿಸಿದ್ದು ಕೊನೆಯಲ್ಲಿ ಪ್ರಶ್ನೆ ಇರುವ, ಸೇರುವ ಮತ್ತು ಹೋಗುವ ಕಥೆಗಳನ್ನು. ಹೀಗಾಗಿ ನನ್ನ ಮಕ್ಕಳಿಗೆ ಕಳೆಯುವುದೆಂದರೆ ಕಳೆದುಕೊಳ್ಳುವುದು. ಗೋಲಿ ಬಿದ್ದುಹೋಗಬೇಕು, ಹಕ್ಕಿ ಹಾರಿಹೋಗಬೇಕು, ಹಣ ಖರ್ಚಾಗಬೇಕು. ಯಾವುದೂ ಎಲ್ಲಿಗೂ ಹೋಗದೆ, ಎರಡರ ನಡುವಿನ ಅಂತರ ಎಷ್ಟು ಎಂದು ಕೇಳಿದರೆ ಅದೂ ಕಳೆಯುವುದೇ ಎಂದು ಅವರಿಗೆ ಯಾರು ಹೇಳಿದ್ದರು? ಕಂಬ ನಿಂತೇ ಇದೆ, ಮತ್ತೇಕೆ ಕಳೆಯಬೇಕು ಎಂದು ಆ ಹುಡುಗಿ ಕೇಳಿದ್ದರಲ್ಲಿ ತಪ್ಪೇನಿತ್ತು?

ಪ್ರಶ್ನೆಯ ಮಾತು ಬದಲಾದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಟಾಮ್ ಹಡ್ಸನ್ ಎಂಬವರು 1983ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ಐದು ಹಕ್ಕಿ, ನಾಲ್ಕು ಹುಳುಗಳ ಚಿತ್ರ ತೋರಿಸಿ ‘ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು?’ ಎಂದು ಕೇಳಿದಾಗ ಒಂದನೇ ತರಗತಿಯ ಮಕ್ಕಳಲ್ಲಿ ನೂರಕ್ಕೆ 64 ಮಂದಿ ಸರಿ ಹೇಳಿದರು. ‘ಪ್ರತಿ ಹಕ್ಕಿಯೂ ಒಂದೊಂದು ಹುಳು ಹಿಡಿಯಲು ಹೊರಟರೆ ಎಷ್ಟು ಹಕ್ಕಿಗಳಿಗೆ ಸಿಗುವುದಿಲ್ಲ?’ ಎಂದು ಕೇಳಿದಾಗ ಎಲ್ಲರೂ ಸರಿ ಹೇಳಿದರು. ಇದನ್ನು ಓದಿದ ಮೇಲೆ ನಾನೂ ಪ್ರಯತ್ನಿಸಿ ನೋಡಿದೆ. 2013ರಲ್ಲಿ ಕ್ಷೀರಭಾಗ್ಯ ಆರಂಭವಾಗಿ ಶಾಲೆಯಲ್ಲಿ ಹಾಲು ಕೊಡುತ್ತಿದ್ದ ದಿನಗಳವು. ‘12 ಮಕ್ಕಳಿದ್ದಾರೆ, 9 ಲೋಟಗಳಿವೆ. ಲೋಟಗಳಿಗಿಂತ ಮಕ್ಕಳು ಎಷ್ಟು ಹೆಚ್ಚು?’ ಎಂದರೆ ತರಗತಿಯಲ್ಲಿ ಮೌನ. ಒಂದಿಬ್ಬರು ‘ಇಪ್ಪತ್ತೊಂದು’ ಎಂದರು. ‘ಎಷ್ಟು ಜನಕ್ಕೆ ಲೋಟ ಸಿಗುವುದಿಲ್ಲ?’ ಎಂದೆ. ‘ಮೂರು!’ ಎಂದು ಇಡೀ ತರಗತಿ ಕೂಗಿತು. ಲೋಟ ಸಿಗದೆ ಹಿಂದೆ ಉಳಿಯುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು. ಆಮೇಲೆ, ‘ಇದನ್ನೇ ಲೋಟಗಳಿಗಿಂತ ಮಕ್ಕಳು ಮೂರು ಹೆಚ್ಚು ಎನ್ನುವುದು’ ಎಂದು ಹೇಳಿದರೆ ಸಾಕಾಯಿತು. ಅಂದೇ ಮನೆಗೆ ಹೋಗುವ ಮೊದಲು ಗೋಡೆಯ ಪಟ್ಟಿಯನ್ನು ತೆಗೆದೆ.

ಆದರೆ ಆ ಪಟ್ಟಿಯ ಕೆಳಗೆ ಕೂತು ಹೋದವರು ಎಷ್ಟೋ ಮಂದಿ. ಅವರಲ್ಲಿ ಒಬ್ಬನ ಬಗ್ಗೆ ಹೇಳಬೇಕು. ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಬಳಿ ನಾಲ್ಕನೇ ತರಗತಿ ಓದಿದ ಹುಡುಗ. ಒಮ್ಮೆ 52ರಲ್ಲಿ 38 ಕಳೆಯುವ ವಾಕ್ಯರೂಪದ ಲೆಕ್ಕಕ್ಕೆ ಅವನು ಯಾವ ಕ್ರಮವನ್ನೂ ಬರೆಯದೆ ‘14’ ಎಂದಷ್ಟೇ ಬರೆದಿದ್ದ. ಪಕ್ಕದವನದನ್ನು ನೋಡಿ ಬರೆದೆಯಾ ಎಂದು ಗದರಿದೆ. ‘ಇಲ್ಲ ಸಾರ್, ಮೂವತ್ತೆಂಟಕ್ಕೆ ಎರಡು ಹಾಕಿದ್ರೆ ನಲವತ್ತು, ಇನ್ನು ಹನ್ನೆರಡು ಹಾಕಿದ್ರೆ ಐವತ್ತೆರಡು’ ಎಂದ. ಅಂಗಡಿಯಲ್ಲಿ ಚಿಲ್ಲರೆ ಕೊಡುವವರು ಎಣಿಸುವ ರೀತಿ ಅದು. ಅವನ ತಾಯಿ ಸಂತೆಯಲ್ಲಿ ತರಕಾರಿ ಮಾರುತ್ತಿದ್ದಳು. ನಾನು ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದು, ‘ಕೂಡಿಸಿ ಕಳೆಯುವುದು ಯಾವ ಶಾಸ್ತ್ರ? ದಶಕ ತೆಗೆದುಕೊಂಡು ಮಾಡು’ ಎಂದೆ. ಏಳನೆಯ ತರಗತಿಯ ನಂತರ ಅವನು ಶಾಲೆ ಬಿಟ್ಟನೆಂದು ಕೇಳಿದೆ.

ಕೆಲವು ವರ್ಷಗಳ ಹಿಂದೆ ಅವನು ಶಿರಾಳಕೊಪ್ಪದ ಸಂತೆಯಲ್ಲಿ ಸಿಕ್ಕಿದ. ತಾಯಿಯ ವ್ಯಾಪಾರವನ್ನೇ ಮುಂದುವರಿಸಿದ್ದಾನೆ. ಐದು ಬಗೆಯ ತರಕಾರಿ ತೂಗಿ, ಬಾಯಲ್ಲೇ ಮೊತ್ತ ಹೇಳಿ, ಐನೂರರ ನೋಟಿಗೆ ಚಿಲ್ಲರೆಯನ್ನು ಮೇಲಕ್ಕೆ ಎಣಿಸುತ್ತ ಕೊಟ್ಟ. ಅದೇ ಹಳೆಯ ರೀತಿ. ನನ್ನ ಗುರುತು ಹಿಡಿದ ಮೇಲೆ ನಗುತ್ತ, ‘ನಂಗೆ ಲೆಕ್ಕ ಒಂದು ಹತ್ತಲಿಲ್ಲ ನೋಡಿ ಸಾರ್, ಅದಕ್ಕೇ ಶಾಲೆ ಬಿಟ್ಟೆ’ ಎಂದ. ದಿನವಿಡೀ ಲೆಕ್ಕ ಮಾಡುತ್ತಲೇ ಇರುವ ಮನುಷ್ಯ ತನಗೆ ಲೆಕ್ಕ ಬರುವುದಿಲ್ಲವೆಂದು ನಂಬಿದ್ದ. ಆಮೇಲೆ ತಟ್ಟಿನ ಕೆಳಗಿನಿಂದ ಮಡಚಿದ ಕಾಗದವೊಂದನ್ನು ತೆಗೆದು, ಇದನ್ನೊಂದು ನೋಡಿ ಹೇಳಿ ಎಂದ. ಸಾಲ ಕೊಟ್ಟ ಸಂಸ್ಥೆಯೊಂದರ ಪತ್ರ. ಅಸಲು 60,000 ರೂಪಾಯಿ, ಅದರಲ್ಲಿ ಮೊದಲು 18,500, ಬಳಿಕ 12,750 ಸಂದಾಯವಾಗಿದೆ, ಬಾಕಿ 28,750. ಪಕ್ಕದಲ್ಲಿ ನಿಂತು ಕೂಡಿಸಿ ಕಳೆದು ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ಸರಿ ಎಂದು ತಿಳಿಯಲು ಅವನಿಗೆ ನಾನು ಬೇಕಾಯಿತು. ಇದೇ ಸಂಖ್ಯೆಗಳನ್ನು ಯಾರಾದರೂ ಸಂತೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದರೆ ಅವನು ನನಗಿಂತ ಮೊದಲೇ ಉತ್ತರ ಹೇಳುತ್ತಿದ್ದ. ಕಾಗದದ ಮೇಲಿನ ಲೆಕ್ಕ ತನ್ನದಲ್ಲ ಎಂದು ಅವನಿಗೆ ಒಪ್ಪಿಸಿದ್ದು ನನ್ನ ಆ ಕೆಂಪು ಗೆರೆ.

ಇದು ಒಬ್ಬನ ಕಥೆಯಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ ಐವರು ಮಕ್ಕಳನ್ನು ತೆರೆಜಿನ್ಹಾ ಕ್ಯಾರಾಹರ್ ಮತ್ತು ಸಂಗಡಿಗರು ಅಭ್ಯಾಸ ಮಾಡಿ 1985ರಲ್ಲಿ ಬರೆದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿ. ಅವೇ ಸಂಖ್ಯೆಗಳನ್ನು ಕಥೆಯಾಗಿ ಕೊಟ್ಟಾಗ 74. ಕಥೆಯಿಲ್ಲದೆ ಬರಿಯ ಚಿಹ್ನೆಗಳಲ್ಲಿ ಕೊಟ್ಟಾಗ 37. ನಮ್ಮ ದೇಶದಲ್ಲಿಯೇ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕುರಿತು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮುಂತಾದವರು ನಡೆಸಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾರುಕಟ್ಟೆಯಲ್ಲಿ ಜಟಿಲ ಲೆಕ್ಕವನ್ನು ಬಾಯಲ್ಲೇ ಮಾಡುವ ಮಕ್ಕಳು ಶಾಲೆಯ ರೀತಿಯ ಲೆಕ್ಕದಲ್ಲಿ ಸೋಲುತ್ತಾರೆ; ಶಾಲೆಯ ಲೆಕ್ಕದಲ್ಲಿ ಗೆಲ್ಲುವ, ದುಡಿಯದ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಹಿಂದೆ ಬೀಳುತ್ತಾರೆ. ಎರಡರ ನಡುವೆ ಸೇತುವೆಯಿಲ್ಲ. ವಾಕ್ಯರೂಪದ ಲೆಕ್ಕ ಆ ಸೇತುವೆಯಾಗಬೇಕಿತ್ತು. ನಾವು ಅದನ್ನು ಅಧ್ಯಾಯದ ಕೊನೆಯ ಕಷ್ಟದ ಮೆಟ್ಟಿಲಾಗಿ ಮಾಡಿದ್ದೇವೆ.

ಹಾಗೆ ನೋಡಿದರೆ ಕಥೆಯಿಂದ ಲೆಕ್ಕ ಕಲಿಸುವುದು ಈ ನೆಲಕ್ಕೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿ ಮಾವಿನಹಣ್ಣು ಹಂಚಿಕೊಳ್ಳುವ ಮಕ್ಕಳಿದ್ದಾರೆ, ದಾರಿಯಲ್ಲಿ ಹಣದ ಚೀಲ ಕಂಡ ವರ್ತಕರಿದ್ದಾರೆ. ಈ ಗ್ರಂಥದ ಕನ್ನಡ ಅನುವಾದ 2000ದಲ್ಲಿ ಪ್ರಕಟವಾದದ್ದು ನಮ್ಮದೇ ಜಿಲ್ಲೆಯ ಹೊಂಬುಜದಿಂದ. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದ, ಹೆಸರೇ ಹೇಳುವಂತೆ ಅದು ವ್ಯವಹಾರದ ಲೆಕ್ಕ. ಅದೇ ಶತಮಾನದ ತಾಳಗುಂದದ ಶಾಸನವೊಂದು, ಇಲ್ಲಿನ ಅಗ್ರಹಾರದಲ್ಲಿ ವೇದ ಹೇಳಿಕೊಡುವವರ ಜೊತೆಗೆ ಕನ್ನಡ ಕಲಿಸುವವರಿಗೂ ದತ್ತಿ ಇದ್ದುದನ್ನು ತಿಳಿಸುತ್ತದೆ. ಒಂದು ಸಂಗತಿ ಮಾತ್ರ ನನ್ನನ್ನು ಯೋಚನೆಗೆ ಹಚ್ಚಿದೆ. ಮಹಾವೀರಾಚಾರ್ಯ ತನ್ನ ಎಂಟು ಪರಿಕರ್ಮಗಳನ್ನು ಗುಣಾಕಾರದಿಂದಲೇ ಆರಂಭಿಸುತ್ತಾನೆ. ಸಾಮಾನ್ಯವಾಗಿ ಕೂಡುವುದನ್ನೂ ಕಳೆಯುವುದನ್ನೂ ಬೇರೆಯಾಗಿ ಹೇಳುವುದೇ ಇಲ್ಲ. ಅವು ಎಲ್ಲರಿಗೂ ಬರುತ್ತವೆ ಎಂದುಕೊಂಡಿರಬೇಕು. ಅವನ ಓದುಗರಿಗೆ ಬರುತ್ತಿದ್ದಿರಬಹುದು. ಇಷ್ಟು ಸುಲಭದ್ದನ್ನು ಹೇಳಿಕೊಡುವುದೇನು ಎಂಬ ಅದೇ ಭಾವನೆ ನಮ್ಮಲ್ಲೂ ಇದೆ. ನಮ್ಮ ಮಕ್ಕಳ ವಿಷಯದಲ್ಲಿ ಅದು ನಿಜವಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಶಿಕ್ಷಕರ ಕಷ್ಟವನ್ನು ಹೇಳಿಬಿಡುತ್ತೇನೆ. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಇಬ್ಬರೇ ಶಿಕ್ಷಕರಿರುವ ಶಾಲೆಗಳಲ್ಲಿ ಪಾಠದ ಜೊತೆ ಬಿಸಿಯೂಟ, ಹಾಲು, ಮೊಟ್ಟೆ, ಗಣತಿ, ದಾಖಲೆಗಳ ಕೆಲಸವೂ ಇದೆ. ಕೋವಿಡ್ ನಂತರ 2022-23ರಲ್ಲಿ ಕಲಿಕಾ ಚೇತರಿಕೆ ಬಂತು. ಅದಕ್ಕೆ ಮುಂಚೆ 2021ರಲ್ಲಿ ನಿಪುಣ್ ಭಾರತ್ ಬಂದಿತ್ತು. ಪ್ರತಿ ಯೋಜನೆಯೂ ಒಂದು ತರಬೇತಿಯನ್ನೂ ನಾಲ್ಕು ನಮೂನೆಗಳನ್ನೂ ತರುತ್ತದೆ. ಇಂಥ ಸ್ಥಿತಿಯಲ್ಲಿ ಸೂಚಕ ಪದಗಳ ಪಟ್ಟಿ ಶಿಕ್ಷಕರಿಗೆ ಆಸರೆ. ಅದನ್ನು ಕಿತ್ತುಕೊಳ್ಳಿ ಎಂದರೆ ಬದಲಿಗೆ ಏನು ಎಂದು ಅವರು ಕೇಳುವುದು ನ್ಯಾಯ.

ಬದಲಿಗೆ ಕೊಡಬಹುದಾದದ್ದಕ್ಕೆ ಹೊಸ ಪೆಟ್ಟಿಗೆಯೂ ಬೇಡ, ಹೊಸ ಯೋಜನೆಯೂ ಬೇಡ. ದಿನಕ್ಕೆ ಒಂದೇ ಲೆಕ್ಕ, ಹತ್ತು ನಿಮಿಷ. ಮೊದಲು ಸಂಖ್ಯೆಗಳಿಲ್ಲದೆ ಕಥೆ ಹೇಳಿ: ‘ಅಜ್ಜನ ಬುಟ್ಟಿಯಲ್ಲಿ ಕೆಲವು ಹಣ್ಣುಗಳಿದ್ದವು, ಕೆಲವನ್ನು ಮಾರಿದ, ಕೆಲವು ಉಳಿದವು.’ ಸಂಖ್ಯೆಯೇ ಇಲ್ಲದಿದ್ದರೆ ಮಗು ಕೂಡಿಸಲೂ ಆಗದು, ಕಳೆಯಲೂ ಆಗದು, ಕಥೆಯನ್ನು ಕೇಳಲೇಬೇಕು. ಒಂದು ಮಗು ಅದನ್ನು ತನ್ನ ಮನೆಮಾತಿನಲ್ಲಿ, ಲಂಬಾಣಿಯಾಗಲಿ ಉರ್ದುವಾಗಲಿ, ಮತ್ತೆ ಹೇಳಲಿ. ಇಬ್ಬರು ಹುಣಸೆಬೀಜ ಹಿಡಿದು ಆಡಿ ತೋರಿಸಲಿ. ಗೊತ್ತಿರುವುದು ಯಾವುದು, ಗೊತ್ತಿಲ್ಲದ್ದು ಯಾವುದು, ಉತ್ತರ ಇದ್ದುದಕ್ಕಿಂತ ದೊಡ್ಡದಿರಬೇಕೋ ಚಿಕ್ಕದಿರಬೇಕೋ ಎಂದು ಕೇಳಿ. ಆಮೇಲೆ ಸಂಖ್ಯೆ ಹಾಕಿ. ಉತ್ತರ ಬಂದ ಮೇಲೆ ಅದನ್ನು ಕಥೆಯೊಳಗಿಟ್ಟು ಕಥೆ ಸರಿಹೋಗುತ್ತದೆಯೇ ಎಂದು ನೋಡಲಿ. ಬಹುವರ್ಗದ ತರಗತಿಗೆ ಇದು ತೊಡಕಲ್ಲ, ಅನುಕೂಲವೇ: ಕಥೆ ಎಲ್ಲರಿಗೂ ಒಂದೇ, ಸಂಖ್ಯೆಗಳು ಮಾತ್ರ ಬೇರೆ.

ಎರಡನೆಯದಾಗಿ, ಲೆಕ್ಕಗಳನ್ನು ಮಕ್ಕಳೇ ಕಟ್ಟಲಿ. ಕಣದಲ್ಲಿ ಭತ್ತ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವವರ ಮನೆಯ ಮಕ್ಕಳಿಗೆ ಲೆಕ್ಕದ ಕಥೆಗಳಿಗೆ ಬರವಿಲ್ಲ. ಅಡಿಕೆ ಸುಲಿದ ಕೂಲಿ, ಶುಂಠಿಯ ಬೀಜ, ಹಾಲಿನ ಡೇರಿಯ ಚೀಟಿ, ಬಸ್ಸಿನ ಟಿಕೆಟು ಎಲ್ಲವೂ ಲೆಕ್ಕಗಳೇ. ಮೂರನೆಯದಾಗಿ, ಪುಸ್ತಕ ಬರೆಯುವವರು ಪ್ರಶ್ನೆಯನ್ನು ಯಾವಾಗಲೂ ಕೊನೆಯಲ್ಲಿಯೇ ಇಡದೆ ನಡುವೆಯೂ ಮೊದಲಲ್ಲಿಯೂ ಇಡಲಿ. ಕಳೆದುಹೋಗುವ ಕಥೆಗಳಷ್ಟೇ ಅಂತರದ ಕಥೆಗಳೂ ಇರಲಿ. ಉತ್ತರವೇ ಇಲ್ಲದ ಲೆಕ್ಕವೂ ಆಗೊಮ್ಮೆ ಈಗೊಮ್ಮೆ ಬರಲಿ. ನಾಲ್ಕನೆಯದಾಗಿ, ಮೌಲ್ಯಮಾಪನ ಮಾಡುವವರು ಒಂದೇ ಕ್ರಮಕ್ಕೆ ಅಂಕ ಎಂಬ ಹಟ ಬಿಡಲಿ. ಮೂವತ್ತೆಂಟಕ್ಕೆ ಎರಡು ಹಾಕಿ, ಮತ್ತೆ ಹನ್ನೆರಡು ಹಾಕಿ ಬಂದ ಹದಿನಾಲ್ಕೂ ಹದಿನಾಲ್ಕೇ. ದಶಕ ತೆಗೆದುಕೊಳ್ಳುವ ಕ್ರಮವನ್ನು ಕಲಿಸಬೇಡಿ ಎಂದು ನಾನು ಹೇಳುತ್ತಿಲ್ಲ; ದೊಡ್ಡ ಸಂಖ್ಯೆಗಳಿಗೆ ಅದು ಬೇಕೇ ಬೇಕು. ಮಗು ತಂದ ದಾರಿಯ ಪಕ್ಕದಲ್ಲಿ ಅದನ್ನು ಇಡಿ, ಮಗುವಿನ ದಾರಿಯನ್ನು ಅಳಿಸಿ ಅಲ್ಲ.

ತಾಳಗುಂದದ ಆ ಹುಡುಗಿಗೆ ನಾನು ಉತ್ತರ ಹೇಳಲಿಲ್ಲ. ಒಂದು ಕಡ್ಡಿಯಿಂದ ಅಂಗಳದ ಮಣ್ಣಿನ ಮೇಲೆ ಉದ್ದನೆಯ ಗೆರೆ ಎಳೆದು, ಒಂದು ತುದಿಯ ಹತ್ತಿರ 450 ಎಂದೂ ಇನ್ನೊಂದು ತುದಿಯಲ್ಲಿ 2025 ಎಂದೂ ಬರೆದೆ. ‘ಇಲ್ಲಿ ಶಾಸನ ಬರೆದರು. ಇಲ್ಲಿ ನಾವು ನಿಂತಿದ್ದೇವೆ’ ಎಂದೆ. ಅವಳು ಗೆರೆಯನ್ನು ನೋಡುತ್ತ ನಿಂತಳು. ‘ಓ, ನಡುವಿಂದು!’ ಎಂದಳು. ಗೆರೆಯ ಮೇಲೆಯೇ ನಡೆಯುತ್ತ ಎಣಿಸಿದಳು: ಐನೂರಕ್ಕೆ ಐವತ್ತು, ಅಲ್ಲಿಂದ ಎರಡು ಸಾವಿರಕ್ಕೆ ಒಂದೂವರೆ ಸಾವಿರ, ಆಮೇಲೆ ಇಪ್ಪತ್ತೈದು. ‘ಸಾವಿರದ ಐನೂರ ಎಪ್ಪತ್ತೈದು.’ ಕಳೆಯುವ ಲೆಕ್ಕವನ್ನು ಅವಳು ಕೂಡಿಸಿಯೇ ಮುಗಿಸಿದ್ದಳು. ಹಿಂದೊಮ್ಮೆ ನಾನು ಕೆಂಪು ಗೆರೆ ಎಳೆದಿದ್ದು ಇದೇ ದಾರಿಯ ಮೇಲೆ.

ಶಾಸನದಲ್ಲಿ ಹೇಳಿರುವ ಕೆರೆಗೂ ಅಷ್ಟೇ ವರ್ಷವೇ ಎಂದು ಅವಳು ಕೇಳಿದಳು. ಕೆರೆ ಇನ್ನೂ ಸ್ವಲ್ಪ ಹಳೆಯದು, ಅದನ್ನು ಕಟ್ಟಿಸಿದವನು ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಎಂದೆ. ‘ಎಷ್ಟು ವರ್ಷ ಜಾಸ್ತಿ?’ ಎಂದಳು. ಯಾವ ವರ್ಷ ಕಟ್ಟಿಸಿದನೆಂದು ಕಲ್ಲಿನಲ್ಲಿ ಹೇಳಿಲ್ಲ ಎಂದೆ. ಅವಳು ಸ್ವಲ್ಪ ಯೋಚಿಸಿ, ‘ಹಂಗಾದ್ರೆ ಲೆಕ್ಕ ಮಾಡಕ್ಕಾಗಲ್ಲ ಅಂತ ಬರೀಬೇಕು’ ಎಂದು ಹೇಳಿ, ಬಸ್ಸಿನ ಕಡೆ ಓಡಿದಳು.